ಅಂಜುವ ಹುಡುಗಿಗೂ ಸಾಹಸದ ಪುಸ್ತಕ ಕೊಡ್ರಿ

ಹೆಣ್ಮಕ್ಕಳಿಗೆ ಗೂಢಚಾರಿಕೆ ಕಲಿಸುವ ಸಾಲಿ, ಅಲ್ಲಿಯ ಹುಡುಗಿಯರ ಸಾಹಸ, ಇಂಥ ಕಥೆ ಪುಸ್ತಕ ನಮ್ಮ ವಾಚನಾಲಯಕ್ಕ ಯಾಕ್ ಬೇಕು ಅಂತ ಕೆಲವು ಹಿರಿಯರು ಕೇಳ್ತಾರ. ಎಲ್ಲಾ ಸುಳ್ಳು, ಪೋರಿಯರ ತಲಿ ಕೆಡ್ತದ ಅಂತಾರ. ನಾನು ಏಳನೇತ್ತ ಓದಿದ ರೈತ, ಪದ ಹಾಡುವವ. ಆದ್ರೂ ಹೇಳ್ತೀನಿ, ಈ ಮಾತು ಸರಿ ಅಲ್ಲ.

ಇಂಥ ಸಾಲಿ ಖರೇನೇ ಇದ್ದವು. ಎರಡನೇ ಮಹಾಯುದ್ಧದಾಗ ಇಂಗ್ಲೆಂಡಿನವರು ನಡೆಸಿದರು. ಗುಪ್ತ ಲಿಪಿ, ವೈರ್‌ಲೆಸ್, ವೈರಿ ಹಿಡಿದರೂ ಬಾಯಿ ಬಿಡದಂಗ ಇರೋದು, ಇವೇ ಅಲ್ಲಿಯ ಪಾಠ. ಅಲ್ಲಿ ಕಲಿತಾಕಿ ನೂರ್ ಇನಾಯತ್ ಖಾನ್, ಮೈಸೂರಿನ ಟಿಪ್ಪು ಸುಲ್ತಾನನ ವಂಶದಾಕಿ. 1914ರಲ್ಲಿ ಮಾಸ್ಕೋದಾಗ ಹುಟ್ಟಿ ಪ್ಯಾರಿಸ್ ಹತ್ತಿರ ಬೆಳೆದಳು. ಅಪ್ಪ ಹೈದರಾಬಾದಿನ ನಿಜಾಮರ ಮುಂದ ಹಾಡಿದ ಸೂಫಿ ಗಾಯಕ. ಮಗಳು ಮಕ್ಕಳಿಗೆ ಜಾತಕ ಕಥೆ ಬರೆದಾಕಿ.

ಆ ಸಾಲಿಯವರು ಈಕಿ ಬಗ್ಗೆ ಏನು ಬರೆದರು? ಬುದ್ಧಿ ಸಾಲದು, ಈ ಕೆಲಸಕ್ಕ ಆಗೋದಿಲ್ಲ ಅಂತ. ವಿಚಾರಣೆಯ ಪಾಠದಾಗ ಆಕಿ ಅಂಜಿ ನಡುಗಿದ್ದಳು. ವೈರ್‌ಲೆಸ್ ಬಲ್ಲವರು ಕಡಿಮೆ ಅಂತ 1943ರ ಜೂನ್ ತಿಂಗಳಾಗ ಫ್ರಾನ್ಸಿಗೆ ಕಳಿಸಿದರು. ಸ್ವಲ್ಪ ದಿನದಾಗೇ ಸಂಗಡಿಗರು ವೈರಿ ಕೈಗೆ ಸಿಕ್ಕರು. ವಾಪಸ್ ಬಾ ಅಂದರ ಈಕಿ ಬರಲಿಲ್ಲ. ವೈರ್‌ಲೆಸ್ ಪೆಟ್ಟಿಗಿ ಹೊತ್ತು ಮನಿ ಬದಲಿಸುತ್ತ ಸುದ್ದಿ ಕಳಿಸಿದಳು. ಅಕ್ಟೋಬರದಾಗ ಯಾರೋ ದ್ರೋಹ ಬಗೆದು ಹಿಡಿದುಕೊಟ್ಟರು. ತಿಂಗಳುಗಟ್ಟಲೆ ಸರಪಳಿ ಹಾಕಿ ಒಂಟಿ ಕೋಣ್ಯಾಗ ಇಟ್ಟರೂ ವೈರಿಗೆ ಬಗ್ಗಲಿಲ್ಲ. 1944ರ ಸೆಪ್ಟೆಂಬರ್ 13ಕ್ಕ ಡಾಖೌ ಶಿಬಿರದಾಗ ಕೊಂದರು. ಆಗ ಆಕಿಗೆ ಬರೇ 30 ವರ್ಷ.

ಟಿಪ್ಪುವನ್ನು ಕೊಂದ ಇಂಗ್ಲಿಷರ ಪಾಳಿ ಸೇರಿದಳಲ್ಲ ಅಂತ ಕೆಲವರು ಅನ್ನಬಹುದು. ಆಕಿ ಹೋರಾಡಿದ್ದು ಹಿಟ್ಲರನ ವಿರುದ್ಧ. ಅದಕ್ಕಿಂತ ದೊಡ್ಡ ಧರ್ಮ ಆ ಹೊತ್ತಿನಾಗ ಯಾವುದಿತ್ತು?

ಗುರುಗಳೇ, ಹಿಂದಿನ ಸಾಲಿನಾಗ ತಲಿ ತಗ್ಗಿಸಿ ಕೂತ ಪೋರಿಗೆ ‘ಇದು ಆಗೋದಲ್ಲ’ ಅಂತ ಅವರಪ್ಪನ ಮುಂದ ಅನಬ್ಯಾಡ್ರಿ. ನಿಮ್ಮ ಒಂದು ಮಾತಿಗೆ ಆಕಿ ಸಾಲಿ ಬಿಡಿಸ್ತಾರ, ಮರುವರ್ಷ ಮದುವಿ ಮಾಡ್ತಾರ. ಅಂಜಿಕಿ ಇದ್ದಲ್ಲಿ ಧೈರ್ಯ ಇರೋದಿಲ್ಲ ಅನ್ನೋದು ಸುಳ್ಳು. ಅಂಜಿಕೊಂಡೇ ಕೆಲಸ ಬಿಡದಾಕಿಯೇ ಧೈರ್ಯವಂತಿ.

ಹಿರಿಯರೇ, ಜಾತ್ರ್ಯಾಗ ಕಿತ್ತೂರು ಚೆನ್ನಮ್ಮನ ಪದ ಹಾಡಿದರ ನೀವೇ ರೊಕ್ಕ ಕೊಟ್ಟು ‘ಇನ್ನೊಮ್ಮೆ ಹಾಡೋ’ ಅಂತೀರಿ. ಅಂಥದೇ ಕಥೆ ಮಗಳು ಓದಿದರ ತಲಿ ಕೆಡ್ತದ ಅಂತೀರಿ. ಸತ್ತ ರಾಣಿಗೆ ಚಪ್ಪಾಳೆ, ಮನಿ ಮಗಳಿಗೆ ಬೀಗ! ಇದ್ಯಾವ ನ್ಯಾಯ?

ಕಟ್ಟುಕಥೆಯ ಹುಡುಗಿ ಪ್ರತಿಸಲ ಪಾರಾಗಿ ಬರ್ತಾಳ, ಅದು ಒಪ್ಪಿದೆ. ನೂರ್ ಪಾರಾಗಲಿಲ್ಲ. ಅದಕ್ಕೇ ಎರಡೂ ಪುಸ್ತಕ ಇಡ್ರಿ. ಕಪಾಟಿನ ಮೇಲಿನ ಖಾನ್ಯಾಗ ಬ್ಯಾಡ, ಹುಡುಗಿಯರ ಕೈಗೆ ನಿಲುಕುವ ಕೆಳಗಿನ ಖಾನ್ಯಾಗ ಇಡ್ರಿ. ಮನಿಗೆ ಒಯ್ದು ಓದ್ಲಿ. ಅವ್ವನೂ ಕೇಳ್ಲಿ.