ಅರಮನೆಯ ದಾಂಪತ್ಯ

2020ರಲ್ಲಿ ‘ದಿ ಕ್ರೌನ್’ ಎಂಬ ದೂರದರ್ಶನ ನಾಟಕವು ಚಾರ್ಲ್ಸ್–ಡಯಾನಾರ ಬಿರುಕುಬಿಟ್ಟ ದಾಂಪತ್ಯವನ್ನು ಚಿತ್ರಿಸಿದಾಗ, ‘ಇದು ಕಲ್ಪಿತ’ವೆಂಬ ಸೂಚನೆ ಬೇಕೆಂದು ಬ್ರಿಟನ್ನಿನ ಸಂಸ್ಕೃತಿ ಸಚಿವ ಆಲಿವರ್ ಡೌಡನ್ನರೇ ಕೇಳಿದರು. ಮುಚ್ಚಿದ ಕೋಣೆಯ ಮಾತು ಕಲ್ಪಿತವಲ್ಲದೆ ಮತ್ತೇನಾದೀತು? ಆ ನಾಟಕವು ತಪ್ಪನ್ನು ಅರಮನೆಯ ಒಳಗೇ ಹುಡುಕಿತೆಂಬುದು ನನಗೆ ಮೆಚ್ಚಿಕೆಯಾದ ಅಂಶ. ನಮ್ಮಲ್ಲಿ ಹಾಗಲ್ಲ. ಜಡೆಗೆ ಬಹು ದೂರವೇನೂ ಅಲ್ಲದ ಕೆಳದಿಯಲ್ಲಿ, 17ನೆಯ ಶತಮಾನದ ಸೋಮಶೇಖರ ನಾಯಕನು ಚೆನ್ನಮ್ಮಾಜಿಯನ್ನು ಕಡೆಗಣಿಸಿ ಮತಿಗೆಟ್ಟ ಕಥೆಯನ್ನು ಹೇಳುವಾಗ ಹೊಣೆಯೆಲ್ಲ ನರ್ತಕಿ ಕಲಾವತಿಯ ಮೇಲೆ, ಮದ್ದಿನ ಮೇಲೆ; ಅರಸನು ಪಾಪ, ಮೋಸಹೋದವನು! ಚೆನ್ನಮ್ಮಾಜಿಯಾದರೋ 1689ರಲ್ಲಿ ರಾಜಾರಾಮನಿಗೆ ಆಶ್ರಯವಿತ್ತ ವೀರರಾಣಿ ಮಾತ್ರ. ಪತಿ ಬಾರದ ಇರುಳುಗಳಲ್ಲಿ ಆಕೆ ಏನನ್ನು ನೆನೆದಳೆಂದು ಕೇಳುವ ನಾಟಕವೊಂದು ಕನ್ನಡದ ತೆರೆಗೂ ಬರಲಿ. ವಿದ್ವಾಂಸರು ಮುನಿಯುವುದಾದರೆ ಮುನಿಯಲಿ.