ಇಂಟರ್ನ್‌ಶಿಪ್ ಮುಗಿದ ಮೇಲೆ ಏನು?

ಬ್ರಿಟನ್ನಿನ ವ್ಯವಹಾರ ಅಧ್ಯಯನದ ಪದವಿಗಳಲ್ಲಿ ‘ಸ್ಯಾಂಡ್‌ವಿಚ್ ಕೋರ್ಸ್’ ಎಂಬ ಏರ್ಪಾಡಿದೆ. ಎರಡು ವರ್ಷ ಓದು, ಮೂರನೆಯ ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ, ಕೊನೆಯ ವರ್ಷ ಮತ್ತೆ ತರಗತಿ. ಆಸ್ಟನ್, ಬಾತ್ ವಿಶ್ವವಿದ್ಯಾಲಯಗಳಲ್ಲಿ ಇದು ಬಹುಕಾಲದಿಂದ ನಡೆದುಬಂದಿದೆ. ಹೀಗೆ ಕೆಲಸ ಮಾಡಿ ಬಂದವರು ಕೊನೆಯ ವರ್ಷದಲ್ಲಿ ಹೆಚ್ಚು ಅಂಕ ಪಡೆಯುತ್ತಾರೆ ಎಂದು ಅಲ್ಲಿನ ಹಲವು ಅಧ್ಯಯನಗಳು ಹೇಳುತ್ತವೆ.

ಈ ಮಾತನ್ನು ಹಾಗೆಯೇ ಒಪ್ಪಲಾಗದು. ಚೆನ್ನಾಗಿ ಓದುವವರಿಗೇ ಇಂಥ ಕೆಲಸ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಅವರ ಎರಡನೆಯ ವರ್ಷದ ಅಂಕಗಳನ್ನೂ ಪಕ್ಕದಲ್ಲಿಟ್ಟು ತೂಗಬೇಕು. ಹಾಗೆ ತೂಗಿದಾಗ ಕೆಲವು ಅಧ್ಯಯನಗಳಲ್ಲಿ ಲಾಭ ಉಳಿದಿದೆ, ಕೆಲವುಗಳಲ್ಲಿ ಉಳಿದಿಲ್ಲ. ಕೆಲಸಕ್ಕೆ ಕಳಿಸಿದ ಮಾತ್ರಕ್ಕೆ ಕಲಿಕೆ ತಾನಾಗಿಯೇ ಹೆಚ್ಚುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಲೆಕ್ಕಶಾಸ್ತ್ರದ ವಿದ್ಯಾರ್ಥಿಯೊಬ್ಬ ಕಚೇರಿಗೆ ಹೋದನೆನ್ನಿ. ಪುಸ್ತಕದಲ್ಲಿ ಲಾಭವಿದ್ದರೂ ಸಂಬಳ ಕೊಡಲು ನಗದಿಲ್ಲದ ಸ್ಥಿತಿಯನ್ನು ಅಲ್ಲಿ ಕಾಣುತ್ತಾನೆ. ಉದ್ರಿ ಮಾರಾಟವೂ ಲಾಭದ ಲೆಕ್ಕಕ್ಕೆ ಸೇರುತ್ತದೆ, ಹಣ ಬರುವುದು ಆಮೇಲೆ. ಮರಳಿ ಬಂದು ನಗದು ಹರಿವಿನ ಪಾಠ ಓದಿದಾಗ ಈ ಅನುಭವ ಅರಿವಾಗುತ್ತದೆ. ಆ ಪಾಠವೇ ಇಲ್ಲದಿದ್ದರೆ ಅದು ಬರಿಯ ನೆನಪಾಗಿ ಉಳಿಯುತ್ತದೆ. ಸ್ಯಾಂಡ್‌ವಿಚ್ ಕೋರ್ಸಿನ ಬಲವಿರುವುದು ಮರಳಿ ಬಂದ ಮೇಲೆ ಸಿಗುವ ಆ ಒಂದು ವರ್ಷದಲ್ಲಿ.

ಈಗ ನಮ್ಮ ಬಿ.ಇಡಿ. ಕಡೆ ನೋಡೋಣ. ಎನ್‌ಸಿಟಿಇಯ 2014ರ ನಿಯಮಾವಳಿ ಎರಡು ವರ್ಷಗಳಲ್ಲಿ 20 ವಾರಗಳ ಕ್ಷೇತ್ರಾನುಭವವನ್ನು ಕಡ್ಡಾಯ ಮಾಡಿತು. ಅದರಲ್ಲಿ 16 ವಾರ ಎರಡನೆಯ ವರ್ಷಕ್ಕೆ ಸೇರಿದ್ದು. ವಾರಗಳ ಲೆಕ್ಕವನ್ನು ನಾವು ಚಾಚೂ ತಪ್ಪದೆ ಇಡುತ್ತೇವೆ. ಆದರೆ ಶಾಲೆಯಿಂದ ಮರಳಿದ ಪ್ರಶಿಕ್ಷಣಾರ್ಥಿಯ ಮುಂದಿರುವುದು ದಾಖಲೆ ಪುಸ್ತಕ, ಸಹಿ, ಪರೀಕ್ಷೆ. ತರಗತಿಯಲ್ಲಿ ಸೋತ ಪಾಠದ ಬಗ್ಗೆ ಅವರನ್ನು ಕೇಳುವವರು ಕಡಿಮೆ.

ನನ್ನ ಸಲಹೆ ಚಿಕ್ಕದು. ಇಂಟರ್ನ್‌ಶಿಪ್ ಮುಗಿದೊಡನೆ ಎರಡು ವಾರ ತರಗತಿಗೇ ಮೀಸಲಿಡೋಣ. ಪ್ರತಿಯೊಬ್ಬರೂ ಕೈಕೊಟ್ಟ ಒಂದು ಪಾಠ ಯೋಜನೆ ತರಲಿ. ಮಕ್ಕಳು ಎಲ್ಲಿ ಎಡವಿದರು, ಏಕೆ ಎಂದು ಗುಂಪಿನಲ್ಲಿ ಚರ್ಚಿಸಿ, ಮೊದಲ ವರ್ಷ ಓದಿದ ಕಲಿಕಾ ಮನೋವಿಜ್ಞಾನದ ಅಧ್ಯಾಯವನ್ನು ಮತ್ತೆ ತೆರೆಯಲಿ. ಅಂಥ ಪಾಠ ತಂದವರ ಆಂತರಿಕ ಅಂಕ ಕಡಿಮೆಯಾಗಬಾರದು; ಇಲ್ಲವಾದರೆ ಯಾರೂ ನಿಜ ಹೇಳುವುದಿಲ್ಲ.

ಸಮಯವೆಲ್ಲಿದೆ ಎಂದು ಕೆಲವರು ಕೇಳಬಹುದು. ದಾಖಲೆಗಳನ್ನು ನಕಲು ಮಾಡಲು ಈಗ ಹೋಗುತ್ತಿರುವ ದಿನಗಳನ್ನು ಎಣಿಸಿದರೆ ಸಮಯ ಅಲ್ಲಿಯೇ ಸಿಗುತ್ತದೆ.