ಕುದುರೆಯ ಕೀಲುನೋವೂ ಯಜಮಾನನ ಆತುರವೂ

ದೂರದ ಸವಾರಿಗಾಗಿ ಕುದುರೆಯನ್ನು ಸಾಕಿರುವವರಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಬೆಳಿಗ್ಗೆ ಲಾಯದಿಂದ ಹೊರಕ್ಕೆ ತಂದಾಗ ಕುದುರೆಯು ನಾಲ್ಕಾರು ಹೆಜ್ಜೆಗಳನ್ನು ಬಿಗಿಯಾಗಿಟ್ಟು, ಅರ್ಧ ಮೈಲಿ ನಡೆದ ತರುವಾಯ ಸರಾಗವಾಗಿ ಸಾಗತೊಡಗಿದರೆ, ಮೈ ಕಾದು ನೋವು ಬಿಟ್ಟಿತೆಂದು ತೀರ್ಮಾನಿಸಿ ಜೀನು ಬಿಗಿಯುವುದೇ ಆ ನಂಬಿಕೆಯ ಫಲ. ಇದು ತಪ್ಪು. ಮೈ ಕಾದಾಗ ಮರೆಯಾಗಿ ಮರುದಿನ ಪುನಃ ತೋರುವ ಬಿಗಿತವು ಕೀಲಿನ ಸವೆತದ ಮೊದಲನೆಯ ಗುರುತಾಗಿರಬಹುದು. ಗುರುತು ಕಂಡ ದಿನವೇ ಸವಾರಿಯನ್ನು ನಿಲ್ಲಿಸತಕ್ಕದ್ದೇ ಹೊರತು, ಅದು ಮರೆಯಾಯಿತೆಂದು ಹೊರಡತಕ್ಕದ್ದಲ್ಲ.

ಕೀಲಿನೊಳಗೆ ಎಲುಬುಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ನರಗಳೂ ಇಲ್ಲ, ರಕ್ತನಾಳಗಳೂ ಇಲ್ಲ. ನರಗಳಿಲ್ಲದ್ದರಿಂದ ಅದು ಸವೆಯುತ್ತಿರುವಾಗ ಪ್ರಾಣಿಗೆ ನೋವು ತಿಳಿಯದು. ರಕ್ತನಾಳಗಳಿಲ್ಲದ್ದರಿಂದ ಸವೆದ ಭಾಗವು ಮೊದಲಿನಂತೆ ತುಂಬಿಕೊಳ್ಳದು. ನೋವು ಹೊರಗೆ ತೋರುವ ವೇಳೆಗೆ ಕೀಲಿನ ಸುತ್ತಣ ಪೊರೆಗೋ ಒಳಗಿನ ಎಲುಬಿಗೋ ಪೆಟ್ಟು ತಗಲಿರುತ್ತದೆ. ಇನ್ನೊಂದು ಸಂಗತಿಯೂ ಉಂಟು. ದಿನದಿನದ ಸಾಧನೆಯಿಂದ ಕುದುರೆಯ ಹೃದಯವೂ ಶ್ವಾಸಕೋಶಗಳೂ ಮಾಂಸಖಂಡಗಳೂ ಕೆಲವು ತಿಂಗಳಲ್ಲಿಯೇ ಬಲಗೊಳ್ಳುತ್ತವೆ. ಎಲುಬು, ಕೀಲು, ಸ್ನಾಯುರಜ್ಜುಗಳು ಹಾಗೆ ಬಲಗೊಳ್ಳಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಆದುದರಿಂದ ದಣಿವರಿಯದೆ ಓಡುವ ಕುದುರೆಯೇ ಅಪಾಯದಲ್ಲಿರುವ ಕುದುರೆ. ಅದರ ಉಸಿರು ಸಾಗೆನ್ನುತ್ತದೆ, ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಯಜಮಾನನು ಉಸಿರಿನ ಮಾತನ್ನೇ ಕೇಳುತ್ತಾನೆ.

ಈ ವಿಷಯದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ದೀರ್ಘ ಸವಾರಿಯವರ ಪದ್ಧತಿಯು ಗಮನಾರ್ಹವಾಗಿದೆ. ೧೯೫೫ನೆಯ ಇಸವಿಯಲ್ಲಿ ವೆಂಡೆಲ್ ರಾಬಿ ಎಂಬವರು ಮೊದಲು ಮಾಡಿದ ಟೆವಿಸ್ ಸವಾರಿಯಲ್ಲಿ ಬೆಟ್ಟದ ದಾರಿಯನ್ನು ಹಿಡಿದು ಆಬರ್ನ್ ಪಟ್ಟಣದವರೆಗೆ ೧೦೦ ಮೈಲಿ, ಎಂದರೆ ಸುಮಾರು ೧೬೦ ಕಿಲೋಮೀಟರು ದೂರವನ್ನು ಒಂದೇ ಕುದುರೆಯ ಮೇಲೆ ೨೪ ಗಂಟೆಗಳೊಳಗೆ ಮುಗಿಸಬೇಕು. ಹೊರಡುವ ಮುನ್ನ, ದಾರಿಯ ತಂಗುಗಳಲ್ಲಿ, ಗುರಿ ಮುಟ್ಟಿದ ಮೇಲೂ ಸಹ ಪಶುವೈದ್ಯರು ಕುದುರೆಯ ಎದೆಬಡಿತವನ್ನೆಣಿಸಿ, ಅದನ್ನು ಓಡಿಸಿ ನೋಡುತ್ತಾರೆ. ಕುಂಟು ಕಂಡರೆ ಅಲ್ಲಿಗೆ ಸವಾರಿ ಮುಗಿಯಿತು. ಸವಾರನ ವಾದಕ್ಕೆ ಅವಕಾಶವಿಲ್ಲ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರವೇ ಕೊನೆ ಮುಟ್ಟುವ ವರ್ಷಗಳು ಅಪರೂಪವಲ್ಲ. ಮೊದಲು ಬಂದ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ದೇಹಸ್ಥಿತಿಯಲ್ಲಿರುವುದಕ್ಕೆ ಬೇರೆಯೇ ಒಂದು ಬಹುಮಾನವನ್ನು ೧೯೬೪ರಿಂದ ಕೊಡುತ್ತಿದ್ದಾರೆ. ವೇಗವನ್ನು ಮೆಚ್ಚುವ ಜನರೇ ಕಾಲಿಗೆ ಇಷ್ಟು ಮರ್ಯಾದೆ ಕೊಡುವಾಗ, ಪಂದ್ಯವೂ ಇಲ್ಲದೆ ಬಹುಮಾನವೂ ಇಲ್ಲದೆ ಸವಾರಿ ಮಾಡುವವರಿಗೆ ಆತುರವೇಕೆಂಬುದು ತಿಳಿಯದು.

ಪರೀಕ್ಷೆಯನ್ನು ಗೊರಸಿನಿಂದಲೇ ಆರಂಭಿಸತಕ್ಕದ್ದು. ಕುದುರೆಯ ಭಾರದಲ್ಲಿ ನೂರಕ್ಕೆ ಅರುವತ್ತರಷ್ಟು ಮುಂಗಾಲುಗಳ ಮೇಲೆಯೇ ಬೀಳುವುದರಿಂದ ಕುಂಟು ಹೆಚ್ಚಾಗಿ ಮುಂಗಾಲಿನದು. ಅದರಲ್ಲಿಯೂ ಬಹುಪಾಲು ಗೊರಸಿನೊಳಗಿನದು. ಕೀಲುನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡ ಕುದುರೆಯ ಲಾಳದಡಿಯಲ್ಲಿ ಒಂದು ಹರಳು ಸಿಕ್ಕಿದ್ದುಂಟು. ಗೊರಸನ್ನೆತ್ತಿ ಶುದ್ಧಮಾಡಿ, ಮೊಳೆಯು ಜೀವಭಾಗಕ್ಕೆ ಹತ್ತಿರವಾಗಿದೆಯೇ, ಒಂದು ಗೊರಸು ಉಳಿದವಕ್ಕಿಂತ ಬಿಸಿಯಾಗಿದೆಯೇ, ಗೆಣ್ಣಿನ ಹಿಂಬದಿಯ ನಾಡಿಯು ಜೋರಾಗಿ ಮಿಡಿಯುತ್ತಿದೆಯೇ ಎಂದು ನೋಡಬೇಕು. ಅನಂತರ ಗಟ್ಟಿ ನೆಲದ ಮೇಲೆ ಹಗ್ಗವನ್ನು ಸಡಿಲಬಿಟ್ಟು, ಒಬ್ಬನು ನೇರವಾಗಿ ಹಗುರವಾದ ಓಟದಲ್ಲಿ ನಡೆಸುತ್ತಿರಲು, ಇನ್ನೊಬ್ಬನು ನಿಂತು ನೋಡಬೇಕು. ನೋವಿರುವ ಮುಂಗಾಲು ನೆಲಕ್ಕೆ ತಗಲುವಾಗ ತಲೆ ಮೇಲಕ್ಕೇಳುತ್ತದೆ, ಒಳ್ಳೆಯ ಕಾಲು ತಗಲುವಾಗ ಇಳಿಯುತ್ತದೆ. ಹಗ್ಗವನ್ನು ಬಿಗಿಹಿಡಿದರೆ ಈ ಸಾಕ್ಷಿ ಅಡಗಿಹೋಗುವುದು. ಕೊಳ್ಳುವವನ ಮುಂದೆ ಕೆಲವರು ಹಗ್ಗವನ್ನು ಗಿಡ್ಡಗೆ ಹಿಡಿಯುವುದೂ ಇದಕ್ಕಾಗಿಯೇ.

ಬಿಗಿತವೆಲ್ಲವೂ ಕೀಲಿನದಲ್ಲ. ಒಂದೆರಡು ದಿನ ಲಾಯದಲ್ಲಿ ಸುಮ್ಮನೆ ನಿಂತು ಹುರುಳಿಯನ್ನು ಪೂರ್ತಿ ತಿಂದ ಕುದುರೆಯನ್ನು ಮರುದಿನ ಓಡಿಸಿದಾಗಲೂ, ಬಿಸಿಲಿನಲ್ಲಿ ಬೆವರಿ ನೀರಾರಿದಾಗಲೂ ಸೊಂಟ ಮತ್ತು ತೊಡೆಗಳ ಮಾಂಸಖಂಡಗಳು ಕಲ್ಲಿನಂತೆ ಗಡುಸಾಗಿ ಹೆಜ್ಜೆ ನಿಲ್ಲುವುದುಂಟು. ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸಂಶಯವೇ ಬೇಡ. ಅಂತಹ ಕುದುರೆಯನ್ನು ನಡೆಸಿದರೆ ಸಡಿಲವಾದೀತೆಂದು ಮನೆಗೆ ಎಳೆದುಕೊಂಡು ಹೋಗುವುದು ಅಪಾಯಕರ. ನಿಂತಲ್ಲಿಯೇ ನೆರಳು ಮಾಡಿ, ಕುಡಿಯಲು ನೀರಿಟ್ಟು, ಪಶುವೈದ್ಯರನ್ನು ಅಲ್ಲಿಗೇ ಕರೆಯಿಸಬೇಕು. ಕೀಲಿನ ಬಳಿ ಗಾಯವಾಗಿ ಕೀಲು ಊದಿ ಬಿಸಿಯೇರಿ, ಕಾಲನ್ನು ಊರದೆ ನಿಂತಿದ್ದರೂ ಅಷ್ಟೇ: ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆಯಾಗಬೇಕೇ ಹೊರತು ಬೆಳಗಾಗಲೆಂದು ಕಾಯಕೂಡದು.

ಇವೆರಡೂ ಅಲ್ಲವಾದರೆ ಮನೆಯಲ್ಲಿ ಮಾಡತಕ್ಕದ್ದು ಸ್ವಲ್ಪವೇ. ಊದಿದ ಜಾಗಕ್ಕೆ ಒಮ್ಮೆಗೆ ೧೫ರಿಂದ ೨೦ ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ತಣ್ಣೀರು ಹಾಯಿಸಿ, ಹುರುಳಿಯನ್ನು ಇಳಿಸಿ, ವಿಶ್ರಾಂತಿ ಕೊಡುವುದು. ಬರೆ ಹಾಕಿಸುವ ಪದ್ಧತಿಯನ್ನು ಪೂರ್ತಿಯಾಗಿ ಬಿಟ್ಟುಬಿಡತಕ್ಕದ್ದು. ಅದರಿಂದ ಗುಣವಾಯಿತೆಂದು ಹೇಳುವ ಸಂದರ್ಭಗಳಲ್ಲಿ ಗುಣ ಕೊಟ್ಟದ್ದು, ಬರೆ ಮಾಯುವವರೆಗೆ ಅನಿವಾರ್ಯವಾಗಿ ಸಿಕ್ಕಿದ ವಿಶ್ರಾಂತಿ. ಕೀಲಿಗೆಂದು ಡಬ್ಬಿಗಳಲ್ಲಿ ಮಾರುವ ಗ್ಲುಕೋಸಮೈನ್ ಮೊದಲಾದ ಪುಡಿಗಳಿಂದ ಪ್ರಯೋಜನವುಂಟೆಂಬುದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಆ ಹಣವನ್ನು ಒಳ್ಳೆಯ ಲಾಳಗಾರನಿಗೆ ಕೊಡುವುದು ಮೇಲು.

ನೋವು ನಿಲ್ಲಿಸುವ ಔಷಧಗಳ ಮಾತು ಬೇರೆ. ಫಿನೈಲ್‌ಬ್ಯುಟಾಜೋನ್ ಎಂಬುದು ನೋವನ್ನು ನಿಜವಾಗಿಯೂ ತಗ್ಗಿಸುತ್ತದೆ, ತೊಂದರೆಯಿರುವುದೂ ಅಲ್ಲಿಯೇ. ವೈದ್ಯರು ವಿಶ್ರಾಂತಿಯ ಜೊತೆಗೆ ಕೊಟ್ಟಾಗ ಅದು ಚಿಕಿತ್ಸೆ. ಯಜಮಾನನು ಸವಾರಿಯ ಹಿಂದಿನ ರಾತ್ರಿ ಕೊಟ್ಟಾಗ ಕುದುರೆಯು ತನಗಿದ್ದ ಒಂದೇ ರಕ್ಷಣೆಯನ್ನು ಕಳೆದುಕೊಂಡು ಹಾಳಾದ ಕೀಲಿನ ಮೇಲೆ ಪೂರ್ಣ ಭಾರವನ್ನು ಹಾಕುತ್ತದೆ. ಬೆವರಿ ನೀರಾರಿದ ಮೈಯಲ್ಲಿ ಅದೇ ಔಷಧವು ಮೂತ್ರಪಿಂಡಗಳನ್ನು ಕೆಡಿಸುವುದು, ಜಠರದಲ್ಲಿ ಹುಣ್ಣುಮಾಡುವುದು. ಪ್ರಾಸಂಗಿಕವಾಗಿ ಇನ್ನೊಂದು: ದನಗಳಿಗೆಂದು ತಂದ ಹಳೆಯ ಡೈಕ್ಲೋಫೆನಾಕ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನು ಯಾವ ಪಶುವಿಗೂ ಕೊಡಕೂಡದು, ಸತ್ತ ದನವನ್ನು ತಿಂದ ಹದ್ದುಗಳು ಅದರಿಂದ ನಾಶವಾದುದರಿಂದ ೨೦೦೬ರಲ್ಲಿಯೇ ಪಶುಗಳಿಗೆ ಅದರ ಬಳಕೆಯನ್ನು ಭಾರತ ಸರ್ಕಾರವು ನಿಷೇಧಿಸಿದೆ.

ಕುಂಟು ಪೂರ್ತಿ ಹೋಗಿ, ಔಷಧವನ್ನೂ ನಿಲ್ಲಿಸಿ, ಬೆಳಗಿನ ಮೊದಲ ಹೆಜ್ಜೆಯೂ ಸರಾಗವಾದ ಮೇಲೆ ವೈದ್ಯರ ಅನುಮತಿಯಿಂದ ನಡಿಗೆಯನ್ನು ಆರಂಭಿಸಬಹುದು. ಮೊದಲು ಮೆತ್ತನೆಯ ಸಮನೆಲ, ಬಳಿಕ ಏರು, ಓಟವು ಕಡೆಯಲ್ಲಿ. ಕೆಲವು ಕುದುರೆಗಳು ದೂರದ ಸವಾರಿಗೆ ಮತ್ತೆ ಒದಗುವುದಿಲ್ಲ. ಮಕ್ಕಳ ಸವಾರಿಗೋ ತೋಟದ ಸುತ್ತಾಟಕ್ಕೋ ಸಾಕಾಗುತ್ತವೆ. ಅಂತಹದನ್ನು ಸೂಜಿ ಹಾಕಿಸಿ ಜಾತ್ರೆಯಲ್ಲಿ ಮಾರಿಬಿಡುವ ದುರಭ್ಯಾಸವು ಗ್ರಾಮದ ಮುಖಂಡರಿಗೆ ತಿಳಿಯದ್ದೇನಲ್ಲ. ಅದರ ನ್ಯಾಯವು ಕೊನೆಗೆ ಅವರ ಜಗಲಿಗೇ ಬರುವುದರಿಂದ, ಕೊಳ್ಳುವ ಕುದುರೆಯನ್ನು ನಾಲ್ಕಾರು ದಿನ ಬಿಟ್ಟು ಎರಡನೆಯ ಸಲ, ಬೆಳಿಗ್ಗೆ ಮೈ ಕಾಯುವ ಮುನ್ನ ಸಡಿಲ ಹಗ್ಗದಲ್ಲಿ ಓಡಿಸಿ ನೋಡದೆ ಪೂರ್ತಿ ಹಣ ಕೊಡಬಾರದೆಂದು ಜಾತ್ರೆಗೆ ಹೊರಡುವವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.